ನಾಲ್ಕು ಮಂದಿಯ ಮೋರ್ಚಾ

ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲು ಅಣವೀರಪ್ಪನಿಗೆ ದಿನಾಲೂ ಒಂದು ಕೆಲಸ ಇರುತ್ತಿತ್ತು. ಬೆಳಗಿನಿಂದ ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಸಿಡಿಮದ್ದು ತುಂಬಿ, ಬತ್ತಿ ಇಳಿಸಿ, ಮೇಲೆ ಮಣ್ಣು ಜಡಿದು, ಕೆಂಪು ಬಾವುಟ ಹಿಡಿದು ಎತ್ತರದ ಕಲ್ಲಿನ ಮೇಲೆ ನಿಲ್ಲುವುದು. ಅವನು ಕನ್ನಡದಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಕೂಗಿ ಎಚ್ಚರಿಸಿದರೆ, ಕೆಳಗೆ ಜಲ್ಲಿ ಒಡೆಯುವವರು ಬುಟ್ಟಿ ಸುತ್ತಿಗೆ ಬಿಟ್ಟು ಲಾರಿಗಳ ಮರೆಗೆ ಓಡುತ್ತಿದ್ದರು. ಮೇಲೆ, ಗುಡ್ಡದ ಅಂಚಿನುದ್ದಕ್ಕೂ ಸಾಲು ಹಿಡಿದ ಜೋಪಡಿಗಳಲ್ಲಿ, ತಾಯಂದಿರು ಮಲಗಿದ್ದ ಕೂಸುಗಳನ್ನು ಎತ್ತಿ ಎದೆಗೆ ಅವಚಿಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಮನೆಯಲ್ಲಿ ಅವನ ಹೆಂಡತಿ ದೇವಕ್ಕ ಹಲಗೆಯ ಮೇಲಿನ ಕೊಡ, ತಂಬಿಗೆ, ದೇವರ ಫೋಟೋಗಳನ್ನೆಲ್ಲ ನೆಲಕ್ಕಿಳಿಸಿ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದಳು. ಬತ್ತಿಗೆ ಕಿಡಿ ತಾಗಿಸಿ ಅಣವೀರಪ್ಪನೂ ಓಡುತ್ತಿದ್ದ. ನೆಲ ಒಮ್ಮೆ ಮೈ ಕೊಡವಿಕೊಳ್ಳುತ್ತಿತ್ತು. ಧೂಳು ಇಳಿದ ಮೇಲೆ ಅವನು ಬುತ್ತಿ ಬಿಚ್ಚುತ್ತಿದ್ದ.

ಮಲಾಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದು ಹೋದರೆ ಸಿಗುವ ಆ ಗುಡ್ಡದಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಕಲಬುರ್ಗಿ, ವಿಜಾಪುರದ ಕಡೆಯವರೇ. ಬೊರಿವಲಿಯವರೆಗೂ ಬಿಲ್ಡಿಂಗುಗಳು ಏಳುತ್ತಿದ್ದ ಕಾಲ ಅದು. ಅವಕ್ಕೆಲ್ಲ ಜಲ್ಲಿ ಬೇಕಿತ್ತು, ಜಲ್ಲಿಗೆ ಗುಡ್ಡ ಬೇಕಿತ್ತು. ಕಲ್ಲುಗಣಿಯಲ್ಲಿ ಆಳುಗಳ ಮೇಲ್ವಿಚಾರಣೆ ನೋಡುತ್ತಿದ್ದ ಮುಕಾದಮ ಪರಪ್ಪ ಅಣವೀರಪ್ಪನಿಗೆ ದೂರದ ಸಂಬಂಧದಲ್ಲಿ ಸೋದರಮಾವ. ಊರಿನಿಂದ ಅವನನ್ನು ಕರೆತಂದು, ಮದ್ದಿನ ಕೆಲಸ ಕಲಿಸಿ, ಜೋಪಡಿಗೆ ಜಾಗ ತೋರಿಸಿ, ಮದುವೆಯಲ್ಲಿ ಮುಂದೆ ನಿಂತವನೂ ಅವನೇ. ಮೊದಮೊದಲು ಗಣಿ ರಸ್ತೆಯ ಹತ್ತಿರವಿತ್ತು. ವರ್ಷಗಳು ಕಳೆದ ಹಾಗೆ ಅದು ಒಳಗೊಳಗೆ ಕೊರೆಯುತ್ತ ಬಂದು, ಆ ಬೇಸಿಗೆಯ ಹೊತ್ತಿಗೆ ಜೋಪಡಿಗಳ ಪಾದಕ್ಕೇ ಬಂದು ಮುಟ್ಟಿತ್ತು.

ಬಿರುಕನ್ನು ಮೊದಲು ಕಂಡವಳು ಸುಂದ್ರವ್ವ. ಅಂಚಿನ ಸಾಲಿನಲ್ಲಿ ಒಬ್ಬಳೇ ಇದ್ದ ಮುದುಕಿ. ಹಿತ್ತಲಲ್ಲಿ ಚೆಲ್ಲಿದ ಮುಸುರೆ ನೀರು ಹರಿಯದೆ ಎಲ್ಲಿಯೋ ಇಂಗಿಹೋಗುವುದನ್ನು ನೋಡಿ ಅವಳು ಕಸ ಸರಿಸಿದಳು. ಕೆಳಗೆ ನೆಲ ಬಾಯಿ ಬಿಟ್ಟಿತ್ತು. ಉದ್ದನೆಯ ಕೋಲು ಇಳಿಸಿದರೆ ತಳ ಸಿಗಲಿಲ್ಲ. ಸಂಜೆ ಅವಳು ಅಣವೀರಪ್ಪನನ್ನು ಕರೆದು ತೋರಿಸಿದಳು. ಅವನು ಮೊಣಕಾಲೂರಿ ಬಿರುಕಿನ ಮೇಲೆ ಅಂಗೈ ಹಿಡಿದ. ಮೇ ತಿಂಗಳ ಆ ಧಗೆಯಲ್ಲಿ ಒಳಗಿನಿಂದ ತಣ್ಣನೆಯ ಗಾಳಿ ಬಂದು ಅವನ ಕೈಗೆ ತಾಗಿತು. ಅವನ ಬೆನ್ನಿನ ಬೆವರು ಅಲ್ಲೇ ಆರಿತು.

ಬಿಸಿಲಿಗೆ ನೆಲ ಬಿರಿದಿದೆ, ಮಣ್ಣು ತುಂಬಿದರೆ ಆಯಿತು ಎಂದು ಹೇಳಿ ಅವನು ಎದ್ದುಬಂದ. ಸುಂದ್ರವ್ವನೂ ದೇವಕ್ಕನೂ ಬುಟ್ಟಿ ಬುಟ್ಟಿ ಮಣ್ಣು ತಂದು ತುಂಬಿದರು. ಕೆಲವೇ ದಿನಗಳಲ್ಲಿ ಮಣ್ಣು ಒಳಗೆ ಇಳಿದುಹೋಗಿ ಬಿರುಕು ಮತ್ತೆ ಮೊದಲಿನಂತೆ ಬಾಯಿ ತೆರೆದಿತ್ತು, ಈಗ ಪಕ್ಕದ ಮನೆಯ ಹಿಂದೆಯೂ.

ಅಣವೀರಪ್ಪ ಮನೆಯಲ್ಲಿ ಆ ಮಾತೆತ್ತಲಿಲ್ಲ. ದೇವಕ್ಕನೂ ಅವನನ್ನು ಕೇಳಲಿಲ್ಲ. ಆದರೆ ಅವಳು ಸುಂದ್ರವ್ವನ ಜತೆ ಮನೆಮನೆಗೆ ಹೋಗಿ ಹೆಂಗಸರನ್ನು ಕರೆದು ಆ ಬಿರುಕು ತೋರಿಸತೊಡಗಿದಳು. ನೋಡಿದವರು ಬೇರೆಯವರನ್ನು ಕರೆತಂದರು. ಮಳೆ ಬರುವುದರೊಳಗೆ ಈ ಕಡೆಯ ಮದ್ದು ನಿಲ್ಲಿಸಬೇಕು, ಅದಕ್ಕೆ ಮುನಸಿಪಾಲ್ಟಿಯ ವಾರ್ಡ್ ಆಫೀಸಿಗೆ ಅರ್ಜಿ ಕೊಡಬೇಕು ಎಂದಾಯಿತು. ಅರ್ಜಿ ಬರೆಯುವವರು ಯಾರು? ಸ್ಟೇಷನ್ ಹತ್ತಿರ ಚಹಾದ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಶೇಖರನನ್ನು ಹೋಗಿ ಕೇಳಿದರು. ಮದ್ರಾಸಿಗಳನ್ನು ಓಡಿಸಿ ಎಂದು ಗಲಾಟೆಯಾದ ವರ್ಷ ಅವನ ಹೋಟೆಲಿನ ಗಾಜೆಲ್ಲ ಪುಡಿಯಾಗಿತ್ತು. ಅಂದಿನಿಂದ ಅವನು ಯಾರ ಗೊಡವೆಗೂ ಹೋದವನಲ್ಲ. ಗಿರಾಕಿಗಳು ಇಲ್ಲದ ಹೊತ್ತು ನೋಡಿ ಮರಾಠಿಯಲ್ಲಿ ಒಪ್ಪವಾಗಿ ಬರೆದುಕೊಟ್ಟ. ಕೊಡುವಾಗ, "ನನ್ನ ಹೆಸರು ಮಾತ್ರ ಎಲ್ಲಿಯೂ ಹೇಳ್ಬೇಡಿ ಅಕ್ಕ. ಕಾಲ ಒಳ್ಳೇದಲ್ಲ" ಎಂದ.

ಕಾಲ ಒಳ್ಳೆಯದಾಗಿರಲಿಲ್ಲ. ದೇಶಕ್ಕೆ ತುರ್ತು ಪರಿಸ್ಥಿತಿ ಬಂದು ವರ್ಷವಾಗುತ್ತ ಬಂದಿತ್ತು. ಸಭೆ ಇಲ್ಲ, ಮೋರ್ಚಾ ಇಲ್ಲ. ಗಟ್ಟಿಯಾಗಿ ಮಾತಾಡುತ್ತಿದ್ದ ಮಿಲ್ ಕೆಲಸಗಾರರು, ಮಾಸ್ತರರು ಒಬ್ಬೊಬ್ಬರೇ ಕಾಣೆಯಾಗಿ, ಯಾವ ಜೈಲಿನಲ್ಲಿದ್ದಾರೆಂದು ಅವರ ಹೆಂಡಿರಿಗೂ ತಿಳಿದಿರಲಿಲ್ಲ. ಘಾಟ್ಕೋಪರ್ ಕಡೆಯ ಒಂದು ಜೋಪಡಿಗಳ ವಸ್ತಿಗೆ ಬೆಳಗಾಗುವ ಮೊದಲು ಲಾರಿಗಳು ಬಂದು, ಸಂಜೆಯೊಳಗೆ ಅಲ್ಲಿ ಬರೀ ಒಲೆಯ ಕಲ್ಲುಗಳು ಉಳಿದಿದ್ದವು ಎಂದು ಲೋಕಲ್ ರೈಲಿನಲ್ಲಿ ಬಂದವರು ಪಿಸುಮಾತಿನಲ್ಲಿ ಹೇಳುತ್ತಿದ್ದರು.

ಅರ್ಜಿ ಹಿಡಿದು ಗುಡ್ಡದ ಹೆಂಗಸರೆಲ್ಲ ಒಟ್ಟಿಗೆ ಹೊರಟ ದಿನ, ವಾರ್ಡ್ ಆಫೀಸಿನ ಗೇಟಿನಲ್ಲೇ ಹವಾಲ್ದಾರ ಲಾಠಿ ಅಡ್ಡ ಹಿಡಿದ. ಐದು ಜನ ಒಂದು ಕಡೆ ಸೇರಿದರೆ ಅಪರಾಧ, ಎಲ್ಲರನ್ನೂ ಒಳಗೆ ಹಾಕುತ್ತೇನೆ ಎಂದು ಬೈದ. ಹೆಂಗಸರು ಹಿಂದೆ ಸರಿದರು. ದೇವಕ್ಕ ಸರಿಯಲಿಲ್ಲ. ತನಗೆ ಬರುವ ಹರಕು ಮರಾಠಿಯಲ್ಲಿ, ನಾಲ್ಕು ಜನ ಇದ್ದರೆ ನಡೆಯುತ್ತದೆಯೇ ಎಂದು ಕೇಳಿದಳು. ಅವಳು ಕುಚೋದ್ಯಕ್ಕೆ ಕೇಳಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ಹವಾಲ್ದಾರ ಅವಳ ಮುಖ ನೋಡಿದ. ನಾಲ್ವರಿಗೆ ಕಾನೂನು ಅಡ್ಡಿಯಿಲ್ಲ ಎಂದು ಒಪ್ಪಿಕೊಳ್ಳದೆ ಅವನಿಗೆ ಗತಿಯಿರಲಿಲ್ಲ.

ಮರುದಿನದಿಂದ ಅವರು ನಾಲ್ಕು ನಾಲ್ಕು ಮಂದಿಯಾಗಿ ಹೋಗತೊಡಗಿದರು. ಮೊದಲ ನಾಲ್ವರು ಸಾಹೇಬನ ಮುಂದೆ ನಿಂತು, ಗುಡ್ಡ ಬಿರಿದಿದೆ, ಬಂದು ನೋಡಿ ಎಂದು ಕೈಮುಗಿದು ಹೇಳುವರು. ಅವರು ಹೊರಬಂದ ಮೇಲೆ, ದೂರದ ಬೇವಿನ ಮರದ ಕೆಳಗೆ ಕಾದಿದ್ದ ಇನ್ನು ನಾಲ್ವರು. ಅವರ ಹಿಂದೆ ಮತ್ತೆ ನಾಲ್ವರು. ಮಾತು ಅದೇ. ಸಾಹೇಬನ ತಲೆಯ ಮೇಲೆ ಗೋಡೆಗೆ ಮಾತು ಕಡಿಮೆ, ಕೆಲಸ ಹೆಚ್ಚು ಎಂದು ಹಿಂದಿಯಲ್ಲಿ ಬರೆದ ಫಲಕವಿತ್ತು. ಗಣಿ ತನ್ನ ಖಾತೆಗೆ ಬರುವುದಿಲ್ಲ, ಕಲೆಕ್ಟರ್ ಆಫೀಸಿಗೆ ಹೋಗಿ ಎಂದ ಅವನು. ಅಲ್ಲಿಗೂ ನಾಲ್ವರು ಹೋದರು. ಗಣಿಗೆ ಪರವಾನಗಿ ಇದೆ, ನಿಮ್ಮ ಜೋಪಡಿಗೇ ಇಲ್ಲ ಎಂದರು ಅಲ್ಲಿ. ಮತ್ತೆ ವಾರ್ಡ್ ಆಫೀಸು. ಒಂದು ದಿನ ಸುಂದ್ರವ್ವ ಇದ್ದ ನಾಲ್ವರನ್ನು ಪೊಲೀಸ್ ಚೌಕಿಗೆ ಕರೆದೊಯ್ದು ಸಂಜೆಯವರೆಗೆ ನೀರು ಕೊಡದೆ ಕೂರಿಸಿ ಕಳಿಸಿದರು. ಮರುದಿನ ಬೇರೆ ನಾಲ್ವರು ಹೋದರು.

ಪರಪ್ಪ ಅಣವೀರಪ್ಪನನ್ನು ಗಣಿಯ ಶೆಡ್ಡಿಗೆ ಕರೆಸಿ ಬಾಗಿಲು ಮುಂದೆ ಮಾಡಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಆಯಾಸವಿತ್ತು.

"ನಿನ್ನ ಹೆಣ್ತಿ ಹೆಸರು ಚೌಕಿಯೊಳಗ ಹೋಗ್ಯದ, ಅಣವೀರ. ನಾ ಸುಮ್ನ ಅಂಜಸ್ಲಿಕ್ಕೆ ಹೇಳಂಗಿಲ್ಲ. ಈಗ ಒಳಗ ಹೋದವ್ರು ಹೊರಗ ಬರಂಗಿಲ್ಲ."

ಅಣವೀರಪ್ಪ ನೆಲ ನೋಡುತ್ತ ಹೇಳಿದ, "ಬಿರುಕು ಖರೇ ಅದ, ಮಾಮಾ."

"ಗೊತ್ತದ. ನನಗ ಕಣ್ಣಿಲ್ಲೇನು? ಈ ಕಲ್ಲಿನ ಖಾಣ ಬಂದ್ ಆದ್ರ ಈ ಎಲ್ಲಾ ಮನಿ ಒಲಿ ಹ್ಯಾಂಗ ಹತ್ತತಾವ, ಅದನ್ನ ಹೇಳು. ಗುಡ್ಡಾ ಬಿದ್ರ ನಾಕು ಮನಿ ಹೋಗತಾವ. ಕೆಲಸ ಬಿದ್ರ ಎಲ್ಲಾರೂ ಹೋಗತೀವಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊರಡುವಾಗ ಪರಪ್ಪ ಇನ್ನೊಂದು ಸಂಗತಿ ತಿಳಿಸಿದ. ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ, ಅಷ್ಟರೊಳಗೆ ಒಳಗಿನ ಗೋಡೆಯ ಕಲ್ಲೆಲ್ಲ ಒಮ್ಮೆಗೇ ಬೀಳಿಸಬೇಕೆಂದು ಗಣಿಯ ಮಾಲಕ ಸೇಠ ಹೇಳಿಕಳಿಸಿದ್ದಾನೆ. ಬರುವ ಸೋಮವಾರ ಸಾಲಾಗಿ ಕುಳಿ ಹಾಕಿ ದೊಡ್ಡ ಮದ್ದು ಹಾರಿಸಬೇಕು. ಒಳಗಿನ ಗೋಡೆಯೆಂದರೆ ಸುಂದ್ರವ್ವನ ಮನೆಯ ನೇರ ಕೆಳಗೆ.

ಅಂದು ಅಣವೀರಪ್ಪ ಮನೆಗೆ ಬಂದವನೇ, ಇನ್ನು ಆಫೀಸಿಗೆ ಹೋಗಕೂಡದೆಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಚೌಕಿ, ಜೈಲು, ಹೋಗಲಿರುವ ಕೆಲಸ, ಮಾಮನ ಉಪಕಾರ ಎಲ್ಲವನ್ನೂ ಹೇಳಿದ. ಸೋಮವಾರದ ಮಾತು ಹೇಳಬಾರದೆಂದುಕೊಂಡಿದ್ದರೂ ಅದೂ ಬಾಯಿಂದ ಬಿದ್ದುಹೋಯಿತು. ದೇವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀವು ಝಂಡಾ ತೋರಿಸ್ತೀರಿ, ಮಂದಿ ಓಡ್ತಾರ. ಗುಡ್ಡಕ್ಕ ಝಂಡಾ ತೋರಿಸಿದ್ರ ಅದು ಎಲ್ಲಿಗಿ ಓಡಬೇಕ್ರಿ?"

ಅಷ್ಟು ಹೇಳಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅವನು ಉಣ್ಣದೆ ಹೊರಗೆ ಹೋಗಿ ಕೂತ. ಕೆಳಗೆ ಗಣಿ ಬಾಯಿ ತೆರೆದ ಕತ್ತಲಂತೆ ಬಿದ್ದಿತ್ತು. ತಾನು ಹೊಡೆದ ಕಲ್ಲಿನಿಂದ ಎಷ್ಟು ಮನೆ ಎದ್ದಿರಬಹುದೆಂದು ಅವನು ಎಂದೂ ಯೋಚಿಸಿರಲಿಲ್ಲ. ಈಗ ಬೀಳಬಹುದಾದ ಮನೆಗಳು ಮಾತ್ರ ಒಂದೊಂದೇ ಕಣ್ಣ ಮುಂದೆ ಬಂದವು. ಆ ಮನೆಗಳವರ ಹೆಸರೆಲ್ಲ ಅವನಿಗೆ ಗೊತ್ತಿತ್ತು.

ಆದರೂ ಸೋಮವಾರ ಅವನು ಗಣಿಗೆ ಹೋದ. ಹೋಗದಿರುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ. ಬೆಳಗಿನಿಂದ ಮೋಡ ಕವಿದು, ಗಾಳಿ ನಿಂತು, ಕಾಗೆಗಳು ನೆಲದ ಮೇಲೆ ಕೂತಿದ್ದವು. ಅವನೂ ಜತೆಯ ಕೆಲಸಗಾರ ಮರೆಪ್ಪನೂ ಕುಳಿಗಳಿಗೆಲ್ಲ ಮದ್ದು ತುಂಬಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಧ್ಯಾಹ್ನವಾಗುತ್ತಲೇ ಅಣವೀರಪ್ಪ ಬಾವುಟ ಹಿಡಿದು ಕಲ್ಲು ಹತ್ತಿ ಕೂಗಿದ.

ಯಾರೂ ಓಡಲಿಲ್ಲ. ಅದರ ಬದಲು ಗುಡ್ಡದ ಕಾಲುದಾರಿಯಿಂದ ಹೆಂಗಸರು ಇಳಿದು ಬಂದರು. ನಾಲ್ವರು ಬಂದು ಮೊದಲ ಕುಳಿಯ ಸುತ್ತ ಕೂತರು. ಒಂದಿಷ್ಟು ಅಂತರ ಬಿಟ್ಟು ಇನ್ನು ನಾಲ್ವರು ಎರಡನೆಯದರ ಸುತ್ತ. ಹೀಗೆಯೇ ಮುಂದೆ. ಯಾರೂ ಘೋಷಣೆ ಕೂಗಲಿಲ್ಲ. ಕೆಲವರ ಮಡಿಲಲ್ಲಿ ಕೂಸುಗಳಿದ್ದವು. ನಡುವಿನ ಕುಳಿಯ ಹತ್ತಿರ ಸುಂದ್ರವ್ವ ಕಾಲು ಚಾಚಿ ಕೂತಳು, ಅವಳ ಪಕ್ಕದಲ್ಲಿ ದೇವಕ್ಕ. ಅವಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಪರಪ್ಪ ಶೆಡ್ಡಿನಿಂದ ಓಡಿ ಬಂದ. ಇನ್ನೊಮ್ಮೆ ಕೂಗು, ಏಳುತ್ತಾರೆ ಎಂದ. ಅಣವೀರಪ್ಪ ಕೂಗಿದ. ಒಂದು ಕೂಸು ಅಳತೊಡಗಿತು, ಅಷ್ಟೇ. ಆಗ ಪರಪ್ಪ ಬದಿಯಲ್ಲಿದ್ದ ಕೊನೆಯ ಕುಳಿಯತ್ತ ಕೈ ಮಾಡಿದ. ಅಷ್ಟು ದೂರ ಕೂರಲು ಹೆಂಗಸರು ಸಾಲದೆ ಅದೊಂದು ಖಾಲಿ ಉಳಿದಿತ್ತು.

"ಅದೊಂದಕ್ಕ ಹಚ್ಚು. ಸಪ್ಪಳ ಕೇಳಿದ್ರ ಎಲ್ಲಾ ಏಳ್ತಾರ. ಯಾರಿಗೂ ಏನೂ ಆಗಂಗಿಲ್ಲ."

ಅವನು ಕಡ್ಡಿಪೆಟ್ಟಿಗೆಯನ್ನು ಅಣವೀರಪ್ಪನ ಕೈಗಿಟ್ಟ. ಅಣವೀರಪ್ಪ ಬಾವುಟವನ್ನು ಕಲ್ಲಿಗೆ ಒರಗಿಸಿ ಆ ಕಡೆ ನಡೆದ. ಈಗ ಮಾತ್ರ ದೇವಕ್ಕ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಅವನಿಗೆ ಅದು ಬೆನ್ನಿಗೆ ತಿಳಿಯುತ್ತಿತ್ತು. ಕುಳಿಯ ಹತ್ತಿರ ಬಂದು ನಿಂತ. ಬತ್ತಿಯ ತುದಿ ಹೊರಗೆ ಇಣುಕಿತ್ತು. ಇಷ್ಟು ವರ್ಷ ಅವನ ಕೈ ತಾನಾಗಿ ಮಾಡುತ್ತಿದ್ದ ಕೆಲಸವದು. ಅಂಗೈಗೆ ತಾಗಿದ ಆ ತಣ್ಣನೆಯ ಗಾಳಿ ಅವನಿಗೆ ನೆನಪಾಯಿತು. ನೆನಪಲ್ಲ, ಮತ್ತೊಮ್ಮೆ ತಾಗಿದಂತೆಯೇ ಆಯಿತು. ಅವನು ಬತ್ತಿಯ ಮೇಲೆಯೇ ಕುಳಿತುಬಿಟ್ಟ.

ಪರಪ್ಪ ಅವನನ್ನು ಹೆಸರು ಹಿಡಿದು ಕರೆದ, ಆಮೇಲೆ ಅಳಿಯಾ ಎಂದು ಕರೆದ. ಅಣವೀರಪ್ಪ ಏಳಲಿಲ್ಲ. ಮರೆಪ್ಪ ಕೈಯ ಮಣ್ಣು ಒರೆಸಿಕೊಂಡು ಬಂದು ಅವನ ಪಕ್ಕ ಕೂತ. ಲಾರಿಗೆ ಕಲ್ಲು ತುಂಬುವವರಲ್ಲಿ ಇಬ್ಬರು ಪರಸ್ಪರ ನೋಡಿಕೊಂಡು ಬಂದು ಕೂತರು. ಮತ್ತೊಬ್ಬ ಬರುತ್ತಿದ್ದವನನ್ನು ಮರೆಪ್ಪ ಕೈ ಅಡ್ಡ ಮಾಡಿ ತಡೆದ. ಅಲ್ಲಿಗೆ ನಾಲ್ವರಾಗಿದ್ದರು.

ಪೊಲೀಸರು ಬಂದು ಕುಳಿಯಿಂದ ಕುಳಿಗೆ ಎಣಿಸಿದರು. ಎಲ್ಲಿಯೂ ಐದನೆಯವರು ಸಿಗಲಿಲ್ಲ. ಆದರೆ ಕಾನೂನು ಹುಡುಕಿ ಹೊರಟವರಿಗೆ ಒಂದಲ್ಲ ಒಂದು ಸಿಗದೆ ಇರುತ್ತದೆಯೇ? ಮದ್ದಿನ ಸಾಮಾನನ್ನು ಅಪಾಯವಾಗುವಂತೆ ಇಟ್ಟುಕೊಂಡನೆಂದು ಅಣವೀರಪ್ಪನೊಬ್ಬನನ್ನು ಜೀಪಿಗೆ ಹತ್ತಿಸಿದರು. ಜೀಪು ರಸ್ತೆಗೆ ಮುಟ್ಟುವಷ್ಟರಲ್ಲಿ ಮಳೆಯ ಮೊದಲ ಹನಿಗಳು ಬಿದ್ದವು. ಹೆಂಗಸರು ಎದ್ದಿರಲಿಲ್ಲ. ಕುಳಿಯೊಳಗಿನ ಮದ್ದು ನೆನೆದು ಸತ್ತಿತೆಂದು ಖಾತ್ರಿಯಾದ ಮೇಲೆಯೇ ಅವರು ಎದ್ದರಂತೆ.

ಚೌಕಿಯಲ್ಲಿ ತನಗೇನಾಯಿತೆಂದು ಅವನು ಮುಂದೆ ಯಾರಿಗೂ ಹೇಳಲಿಲ್ಲ. ಎಡಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಕಂಡವರು ಕೇಳಲಿಲ್ಲ. ಜಾಮೀನಿಗೆ ಯಾರೂ ಮುಂದೆ ಬರಲಾರರೆಂದು ಅವನು ತಿಳಿದಿದ್ದ. ಆದರೆ ಒಂದು ಬೆಳಿಗ್ಗೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೈಯಲ್ಲಿ ಕೊಡೆ ಹಿಡಿದು, ಹೋಟೆಲಿನ ಶೇಖರ ಚೌಕಿಯ ಮೇಜಿನ ಮುಂದೆ ನಿಂತಿದ್ದ. ಹೆಸರು ಕೇಳಿದಾಗ ತನ್ನದು, ತಂದೆಯದು, ಊರಿನದು, ಹೋಟೆಲಿನದು ಎಲ್ಲ ಬರೆಸಿದ. ದಾರಿಯಲ್ಲಿ, ಗಾಜು ಒಡೆದರೆ ಮತ್ತೆ ಹಾಕಿಸಬಹುದು ಎಂದಷ್ಟೇ ಅಂದ.

ಅಣವೀರಪ್ಪ ಗುಡ್ಡ ಹತ್ತಿದಾಗ ಅಂಚಿನ ಸಾಲು ಖಾಲಿಯಾಗಿತ್ತು. ಬಿರುಕಿನೊಳಗೆ ಮಳೆನೀರು ಇಳಿಯತೊಡಗಿದ್ದರಿಂದ ಆ ಮನೆಗಳವರೆಲ್ಲ ಹಿಂದಿನ ಸಾಲಿನವರ ಮನೆಗಳಲ್ಲಿ, ಮುನಸಿಪಾಲ್ಟಿ ಶಾಲೆಯ ಜಗಲಿಯಲ್ಲಿ ಇಳಿದುಕೊಂಡಿದ್ದರು. ಸುಂದ್ರವ್ವ ಅವನ ಮನೆಯಲ್ಲೇ ಇದ್ದಳು. ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಅವನು ಬಂದ ಎರಡನೆಯ ದಿನ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ದೊಡ್ಡ ಚೀಲದಿಂದ ಯಾರೋ ಜೋಳ ಸುರುವಿದಂತೆ ಒಂದು ಸದ್ದು ಕೇಳಿಸಿತು. ಹೊರಗೆ ಓಡಿ ಬಂದರೆ ಅಂಚು ಇದ್ದ ಕಡೆ ಆಕಾಶ ಕಾಣುತ್ತಿತ್ತು. ಸುಂದ್ರವ್ವನ ಮನೆ, ಅದರ ಆಚೀಚಿನ ಮನೆಗಳು, ಹಿತ್ತಲಿನ ನುಗ್ಗೆಗಿಡ ಎಲ್ಲವೂ ಕೆಳಗೆ ಕೆಂಪು ರಾಡಿಯಾಗಿ ಹರಡಿದ್ದವು. ಒಂದು ಆಡು ಸತ್ತಿತ್ತು. ಮನುಷ್ಯರು ಯಾರೂ ಇರಲಿಲ್ಲ. ಸುಂದ್ರವ್ವ ಅಂಚಿನ ತನಕ ಹೋಗಲು ಹಟ ಮಾಡಿದಳು, ದೇವಕ್ಕ ಅವಳ ರಟ್ಟೆ ಬಿಡಲಿಲ್ಲ.

ಕೆಳಗೆ ಗಣಿಯಲ್ಲಿ ಪರಪ್ಪ ಮಳೆಯಲ್ಲಿ ಒಬ್ಬನೇ ನಿಂತು ಮೇಲೆ ನೋಡುತ್ತಿದ್ದ. ಸಂಜೆ ಅವನು ಗುಡ್ಡ ಹತ್ತಿ ಬಂದು ಬಾಗಿಲ ಹೊರಗೇ ನಿಂತ. ಒಳಗೆ ಕರೆದರೂ ಬರಲಿಲ್ಲ. ಸೇಠ ಒಳಗಿನ ಗೋಡೆಯ ಕೆಲಸ ನಿಲ್ಲಿಸಿದ್ದಾನೆ, ನಿನಗೆ ಮಾತ್ರ ಗಣಿಯಲ್ಲಿ ಇನ್ನು ಕೆಲಸವಿಲ್ಲ ಎಂದು ತಿಳಿಸಿದ. ತಿರುಗಿ ಹೊರಟವನು ಮತ್ತೆ ನಿಂತ.

"ಆವತ್ತ ಮದ್ದು ಹಾರಿ ಗುಡ್ಡಾ ಬಿದ್ದಿದ್ರ, ಅಣವೀರ, ಅಂಚಿನ ಮಂದಿ ಎಲ್ಲಾರೂ ಮನ್ಯಾಗೇ ಇರ್ತಿದ್ರು..."

ಮಾತು ಮುಗಿಸದೆ ಅವನು ರುಮಾಲಿನಿಂದ ಮುಖ ಒರೆಸಿಕೊಂಡು ಇಳಿದುಹೋದ.

ಸಾಹೇಬರು ಅದಾದ ಮೇಲೆ ಬಂದರು. ಅಷ್ಟು ಸಲ ಕರೆದರೂ ಬಾರದವರು ಈಗ ಜೀಪಿನಲ್ಲಿ ಬಂದು, ಕೊಡೆಯ ಕೆಳಗೆ ನಿಂತು ನೋಡಿ, ಶಾಲೆಯ ಗೋಡೆಗೆ ಒಂದು ನೋಟೀಸು ಅಂಟಿಸಿಹೋದರು. ಗುಡ್ಡ ಅಪಾಯಕಾರಿ, ವಸ್ತಿ ಅನಧಿಕೃತ, ಎಲ್ಲರೂ ಖಾಲಿ ಮಾಡತಕ್ಕದ್ದು. ಗಣಿಯ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಶೇಖರ ಅದನ್ನು ಜಗಲಿಯಲ್ಲಿದ್ದವರಿಗೆ ಓದಿ ಹೇಳಿದ. ಎಲ್ಲರಿಗೂ ಘಾಟ್ಕೋಪರಿನ ಒಲೆಕಲ್ಲುಗಳ ಮಾತು ನೆನಪಿಗೆ ಬಂದಿರಬೇಕು. ಲಾರಿಗಳು ಯಾವ ಬೆಳಗಿಗೆ ಬರುತ್ತವೋ ಯಾರಿಗೂ ತಿಳಿಯದು. ಮೇಲೆ, ಉಳಿದ ಗುಡ್ಡದಿಂದ ಸಣ್ಣ ಸಣ್ಣ ಕಲ್ಲುಗಳು ಉರುಳುವ ಸದ್ದು ಆಗಾಗ ಕೇಳಿಬರುತ್ತಿತ್ತು.

ಸುಂದ್ರವ್ವ ಮೊದಲು ಬಾಯಿಬಿಟ್ಟಳು. ಬೇರೆ ಜಾಗ ಕೊಟ್ಟ ಮೇಲೆ ಏಳೋಣ, ಅದನ್ನು ಕೇಳಲಾದರೂ ಹೋಗಬೇಕಲ್ಲ ಎಂದಳು. ನಾಳೆ ಯಾರು ಯಾರು ಎಂದು ದೇವಕ್ಕ ಸುತ್ತಲೂ ನೋಡಿದಳು. ಕೆಲವರು ತಲೆ ತಗ್ಗಿಸಿದರು. ಅವಳು ಅವರನ್ನು ಒತ್ತಾಯಿಸಲಿಲ್ಲ.

ಅಣವೀರಪ್ಪ ಕಂಬಕ್ಕೆ ಒರಗಿ ಕೂತಿದ್ದವನು ಎದ್ದು ನಿಂತ. ಆ ಆಫೀಸಿನ ಬಾಗಿಲನ್ನು ಅವನು ಒಮ್ಮೆಯೂ ತುಳಿದವನಲ್ಲ.

"ಮೊದಲನೇ ನಾಲ್ವರೊಳಗ ನನ್ನ ಹಿಡೀರಿ" ಎಂದ.

ಬೆಳಿಗ್ಗೆ ಅವನು, ದೇವಕ್ಕ, ಸುಂದ್ರವ್ವ, ಮರೆಪ್ಪ ನಾಲ್ವರೂ ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದು ಗುಡ್ಡ ಇಳಿದರು. ತಿರುವಿನಲ್ಲಿ ಪೊಲೀಸ್ ಜೀಪು ನಿಂತಿತ್ತು. ಒಳಗಿನಿಂದ ಒಂದು ಕೈ ಹೊರಬಂದು ಅವರನ್ನು ಬೆರಳು ಮಾಡಿ ಎಣಿಸಿತು. ಯಾರೂ ನಡಿಗೆ ನಿಲ್ಲಿಸಲಿಲ್ಲ. ಜೀಪು ದಾಟಿದ ಮೇಲೆ ಅಣವೀರಪ್ಪ ಒಮ್ಮೆ ಹಿಂತಿರುಗಿ ನೋಡಿದ. ಮಳೆಯ ಮಬ್ಬಿನಲ್ಲಿ, ಒಂದಿಷ್ಟು ಅಂತರ ಬಿಟ್ಟು, ಇನ್ನು ನಾಲ್ವರು ಇಳಿದು ಬರುತ್ತಿದ್ದರು.